ಆರು ಗಂಟೆಯ ಬೆಳಕು ಸಾಕು

ಮುಂಬೈ ಬಳಿಯ ಡೊಂಬಿವ್ಲಿ ಪೂರ್ವದಲ್ಲಿ ನಾವಿರುವ ಕಟ್ಟಡಕ್ಕೂ ಪಕ್ಕದ ಕಟ್ಟಡಕ್ಕೂ ನಡುವೆ ಒಂದು ರಿಕ್ಷಾ ನುಗ್ಗುವಷ್ಟು ಜಾಗ. ಎರಡನೇ ಮಹಡಿಯ ನಮ್ಮ ಹಾಲ್‌ನಲ್ಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕಿಯೇ ಪೇಪರ್ ಓದಬೇಕು. ತುಳಸಿ ಕೂಡ ಇಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಇಂಥ ಮನೆಯಲ್ಲಿ ಹಸಿರು ಬೇಕೆಂದರೆ ಬಿಸಿಲು ಕೇಳದ ಗಿಡ ಹುಡುಕಬೇಕು. ಅಂಥವು ಇರುವುದು ದಟ್ಟ ಕಾಡಿನ ನೆರಳಲ್ಲಿ ಹರಿಯುವ ತೊರೆಗಳ ಅಂಚಿನಲ್ಲಿ, ಕಲ್ಲು ಮರ ಕಚ್ಚಿಕೊಂಡು. ಅವನ್ನು ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ, ಅಂದರೆ ಅಕ್ವೇರಿಯಂನಲ್ಲಿ ಬೆಳೆಸಬಹುದು ಅಂತ ನನಗೆ ಗೊತ್ತಾದದ್ದು ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋದಲ್ಲಿ.

ಸ್ಟೇಷನ್ ರಸ್ತೆಯ ಆ ಸ್ಟುಡಿಯೋದವರು ಕಾರ್ಕಳ ಕಡೆಯವರು. ನಾನು ಫೋನಲ್ಲಿ ಅಮ್ಮನ ಹತ್ತಿರ ಮಾತಾಡಿದ್ದು ಕೇಳಿ "ನೀವು ಕನ್ನಡದವರಾ?" ಎಂದರು. ಅಲ್ಲಿಂದ ಅವರು ನನಗೆ ಸ್ಟುಡಿಯೋ ಮಾಮ. ಕೌಂಟರಿನ ಪಕ್ಕ ಒಂದು ಟ್ಯಾಂಕ್ ಇತ್ತು. ಬಣ್ಣಬಣ್ಣದ ಜಲ್ಲಿ ಇಲ್ಲ, ಗುಳ್ಳೆ ಬಿಡುವ ಪ್ಲಾಸ್ಟಿಕ್ ಪೆಟ್ಟಿಗೆ ಇಲ್ಲ. ಕರಿ ಮರದ ಬೇರೊಂದರ ಮೇಲೆ ದಪ್ಪ ಎಲೆಯ ಗಿಡಗಳು, ಅವುಗಳ ಕೆಳಗೆ ಏನೋ ಚಿಕ್ಕದು ಕೆಂಪಗೆ ಓಡಾಡುತ್ತಿತ್ತು. ನೀರು ಬದಲಾಯಿಸಿ ಎಷ್ಟು ದಿನವಾಯಿತು ಅಂತ ಕೇಳಿದೆ. "ನೆನಪಿಲ್ಲ ಮಾರಾಯ" ಎಂದರು. ಆ ಉತ್ತರಕ್ಕೇ ನಾನು ಮರುಳಾದದ್ದು.

ಮಾಮನ ಜೊತೆ ಇನ್ನಿಬ್ಬರಿದ್ದರು. ಒಬ್ಬರು ಮುಂಬೈಯ ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಧಾರವಾಡದ ಅಕ್ಕ. ಮುಲುಂಡ್‌ನ ಅವರ ಮನೆಯಲ್ಲಿ ಸಣ್ಣದು ದೊಡ್ಡದು ಸೇರಿ ಗೋಡೆ ತುಂಬ ಟ್ಯಾಂಕು. ಇನ್ನೊಬ್ಬ ಠಾಣೆಯಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಕುಂದಾಪುರದ ಹುಡುಗ. ಮೂರೂ ಜನ ಮೂರು ಊರಿನ ಕನ್ನಡ ಆಡುತ್ತ, ನಡುನಡುವೆ ಮರಾಠಿ ಹಿಂದಿ ಬೆರೆಸುತ್ತ, ಭಾನುವಾರ ಸಂಜೆ ಸ್ಟುಡಿಯೋದಲ್ಲಿ ಸೇರಿ ಗಿಡದ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ನಾನೂ ಒಂದು ಟ್ಯಾಂಕ್ ಇಡುತ್ತೇನೆ ಎಂದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ ದುಡ್ಡಿನದ್ದಲ್ಲ, ಜಾಗದ್ದೂ ಅಲ್ಲ.

"ವಾರಕ್ಕ ಎಷ್ಟೊತ್ತು ಕೊಡ್ತೀರಿ ಇದಕ್ಕ? ಖರೇ ಹೇಳ್ರಿ."

ಬೆಳಿಗ್ಗೆ ಏಳೂವರೆಯ ಫಾಸ್ಟ್ ಲೋಕಲ್ ಹಿಡಿದರೆ ಮನೆ ಸೇರುವಾಗ ರಾತ್ರಿ ಎಂಟಾಗುವವನು ನಾನು. ಭಾನುವಾರ ಅರ್ಧ ಗಂಟೆ ಅಂತ ಹೇಳಿದೆ.

"ಹಂಗಾದ್ರ ಅರ್ಧ ತಾಸಿನ ಟ್ಯಾಂಕ್ ಮಾಡೋಣು."

ಆಮೇಲೆ ನಡೆದದ್ದೆಲ್ಲ ಈ ಅರ್ಧ ತಾಸಿನ ಲೆಕ್ಕದ ಮೇಲೆಯೇ. ಗಿಡಕ್ಕೆ ಬೆಳಕು ಹೆಚ್ಚು ಕೊಟ್ಟರೆ ಅದು ವೇಗವಾಗಿ ಆಹಾರ ತಯಾರಿಸಲು ನೋಡುತ್ತದೆ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು, ಸಾರಜನಕ, ಪೊಟ್ಯಾಶ್, ಕಬ್ಬಿಣ ಬೇಕು. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ಕರಗಿರುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂಗಿಂತಲೂ ಕಡಿಮೆ. ಝಗಝಗಿಸುವ ದೀಪ ಹಾಕಿ ಕೆಂಪು ಗಿಡ ಬೆಳೆಸುವವರು ಸಿಲಿಂಡರ್ ಇಟ್ಟು ಅದನ್ನು 30 ಮಿಲಿಗ್ರಾಂ ಹತ್ತಿರ ಒಯ್ಯುತ್ತಾರೆ. ಸಿಲಿಂಡರ್ ಇಲ್ಲದೆ ದೀಪ ಮಾತ್ರ ಝಗಮಗಿಸಿದರೆ ಗಿಡಕ್ಕೆ ಬೆಳಕಿದ್ದರೂ ಉಣ್ಣಲು ಗತಿಯಿಲ್ಲ, ಉಳಿದ ಬೆಳಕು ಪಾಚಿಯ ಪಾಲು. ಅಂಗಡಿಗಳಲ್ಲಿ ಟ್ಯಾಂಕ್ ಜೊತೆ ಉದ್ದನೆಯ ಬಿಳಿ ಎಲ್‌ಇಡಿ ಕೊಟ್ಟು ಕಳಿಸುತ್ತಾರಲ್ಲ, ಜನ ಅದನ್ನು ಬೆಳಿಗ್ಗೆಯಿಂದ ಮಲಗುವ ತನಕ ಉರಿಸುತ್ತಾರೆ. ಒಂದು ತಿಂಗಳಲ್ಲಿ ಗಾಜು ಹಸಿರಾಗಿ, ಮೀನು ಸತ್ತು, ಟ್ಯಾಂಕ್ ಅಟ್ಟಕ್ಕೆ ಹೋಗುತ್ತದೆ. ನಮ್ಮ ಕಟ್ಟಡದ ಅಟ್ಟಗಳಲ್ಲೇ ಅಂಥ ಖಾಲಿ ಟ್ಯಾಂಕುಗಳು ಸಾಕಷ್ಟಿವೆ. ನನ್ನ ಕೇಳಿದರೆ ಅದು ಮೀನು ಸಾಕುವುದರ ಕಷ್ಟವಲ್ಲ, ಸ್ವಿಚ್ಚಿನ ಕಷ್ಟ.

ಟ್ಯಾಂಕ್ ಕಟ್ಟಿಸಿದ್ದು ಕಲ್ಯಾಣದಲ್ಲಿ ಗಾಜಿನ ಕೆಲಸ ಮಾಡುವವರ ಹತ್ತಿರ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಎರಡು ಘನ ಅಡಿ ಅಂದರೆ 56 ಲೀಟರ್ ಚಿಲ್ಲರೆ. ಕಲ್ಲು ಜಲ್ಲಿ ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ ನೀರು 45 ಲೀಟರ್ ಸುಮಾರು. ಇದಕ್ಕಿಂತ ಚಿಕ್ಕದು ಬೇಡ ಅಂತ ಮಾಮನ ಹಟ. ನೀರು ಕಡಿಮೆಯಿದ್ದಷ್ಟೂ ಅದರ ಗುಣ ಬೇಗ ಏರುಪೇರಾಗುತ್ತದೆ, ಚಿಕ್ಕ ಬೌಲ್‌ಗೆ ಕೆಲಸ ಕಮ್ಮಿ ಅಂದುಕೊಳ್ಳುವುದು ತಲೆಕೆಳಗು ಲೆಕ್ಕ. ಹೊಸ ಸಿಲಿಕಾನ್ ವಿನೆಗರ್ ವಾಸನೆ ಹೊಡೆಯುತ್ತಿತ್ತು. ವಾಸನೆ ಪೂರ್ತಿ ಹೋಗುವ ತನಕ ಮುಟ್ಟಲಿಲ್ಲ. ಆಮೇಲೆ ಬಾತ್‌ರೂಮಿನಲ್ಲಿ ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟು, ಸುತ್ತ ಪೇಪರ್ ಹಾಸಿ, ಪೇಪರ್ ಒದ್ದೆಯಾಗಿಲ್ಲ ಅಂತ ನೋಡಿದ ಮೇಲೆಯೇ ಹಾಲ್‌ಗೆ ತಂದದ್ದು. ತುಂಬಿದ ಟ್ಯಾಂಕ್ ಎಲ್ಲ ಸೇರಿ ಎಪ್ಪತ್ತು ಕಿಲೋ ಹತ್ತಿರ. ಟಿವಿ ಸ್ಟ್ಯಾಂಡ್ ಮೇಲೆ ಇಡುವ ವಸ್ತುವಲ್ಲ. ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ತೆಳು ಥರ್ಮಕೋಲ್. ಗಾಜಿನ ಕೆಳಗೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೂ ಭಾರ ಅಲ್ಲೇ ಒತ್ತಿ ಗಾಜು ಸೀಳುತ್ತದೆ, ಥರ್ಮಕೋಲ್ ಅದನ್ನು ನುಂಗಿಕೊಳ್ಳುತ್ತದೆ.

ದೀಪ ಮತ್ತು ಟೈಮರ್‌ಗೆ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿಳಿದು ಲೋಹಾರ್ ಚಾಳ್‌ಗೆ ಹೋದೆವು. ಅಲ್ಲಿ ಸಿಗದ ಕರೆಂಟಿನ ಸಾಮಾನು ಮುಂಬೈಯಲ್ಲಿ ಇಲ್ಲ. 10 ವ್ಯಾಟಿನ, 6500 ಕೆಲ್ವಿನ್ನಿನ, ಅಂದರೆ ಹಗಲು ಬೆಳಕಿನ ಬಣ್ಣದ ಸಾದಾ ಎಲ್‌ಇಡಿ ಟ್ಯೂಬ್, ಪ್ಲಗ್ಗಿಗೆ ಸಿಕ್ಕಿಸುವ ತಿರುಗುವ ಟೈಮರ್. ಅಕ್ವೇರಿಯಂ ದೀಪ ಅಂತ ಡಬ್ಬಿ ಮೇಲೆ ಬರೆದರೆ ಬೆಲೆ ಮೂರು ಪಟ್ಟಾಗುತ್ತದೆ, ಗಿಡಕ್ಕೆ ಆ ಡಬ್ಬಿ ಕಾಣಿಸುವುದಿಲ್ಲ. ಇಡೀ ಟ್ಯಾಂಕಿನಲ್ಲಿ ನಾನು ಅತಿ ಮುಖ್ಯ ಅನ್ನುವ ಯಂತ್ರ ಆ ಟೈಮರೇ. ಸಂಜೆ ನಾಲ್ಕಕ್ಕೆ ಹತ್ತಿ, ರಾತ್ರಿ ಹತ್ತಕ್ಕೆ ಆರುತ್ತದೆ, ಒಟ್ಟು ಆರು ಗಂಟೆ. ನಾನು ಮನೆಯಲ್ಲಿರುವಾಗ ನೋಡಲು ಸಿಗಲಿ ಅಂತ ಆ ಹೊತ್ತು. ದೀಪವನ್ನು ನೀರಿನಿಂದ ಒಂದಡಿ ಮೇಲೆ ತೂಗುಹಾಕಿದ್ದೇವೆ. ಅಕ್ಕ ಮೊದಲ ಸಲ ಬಂದು ನೋಡಿ, ಅಷ್ಟೂ ಸಾಲದೆಂದು, "ಇನ್ನೊಂದು ಗೇಣು ಮ್ಯಾಲ ಎತ್ರಿ. ಮೀನಕ್ಕೇನು ಅಭ್ಯಾಸ ಮಾಡೂದೈತೇನು?" ಎಂದರು.

ತಳಕ್ಕೆ ಹಾಕಿದ್ದು ಸಾದಾ ಬಿಳಿ ಬೆಣಚುಕಲ್ಲಿನ ಸಣ್ಣ ಜಲ್ಲಿ, ಎರಡು ಇಂಚು. ಬಕೆಟ್ಟಿನಲ್ಲಿ ಹಾಕಿ ಅಕ್ಕಿ ತೊಳೆದ ಹಾಗೆ ತೊಳೆದದ್ದೇ ತೊಳೆದದ್ದು, ನೀರು ತಿಳಿಯಾಗುವ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಕಲ್ಲಿಗೆ ಮಾಮ ಒಂದು ಪರೀಕ್ಷೆ ತೋರಿಸಿದರು. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದರ್ಥ, ಅದು ನಿಧಾನಕ್ಕೆ ಕರಗಿ ನೀರನ್ನು ಗಡುಸು ಮಾಡುತ್ತದೆ. ನನ್ನ ಅಮ್ಮ ಮಲ್ಪೆಯಿಂದ ತಂದಿಟ್ಟಿದ್ದ ಕಪ್ಪೆಚಿಪ್ಪು ಬುಸುಬುಸು ಎಂದಿತು. ಕರ್ಜತ್ ರಸ್ತೆಯ ಬದಿಯಿಂದ ಹೆಕ್ಕಿ ತಂದ ಕಪ್ಪು ಕಲ್ಲು ಸುಮ್ಮನಿತ್ತು. ಮಹಾರಾಷ್ಟ್ರದ ಈ ಕಡೆಯೆಲ್ಲ ಲಾವಾ ಹೆಪ್ಪುಗಟ್ಟಿದ ಬಸಾಲ್ಟ್ ಕಲ್ಲು, ಟ್ಯಾಂಕಿಗೆ ಹೇಳಿ ಮಾಡಿಸಿದ್ದು, ಪುಕ್ಕಟೆ ಬೇರೆ.

ಮರದ ಬೇರು ಮಾತ್ರ ಕೊಂಡದ್ದು. ಕುರ್ಲಾ ಪಶ್ಚಿಮದಲ್ಲಿ ಭಾನುವಾರ ಬೆಳಿಗ್ಗೆ ಅಕ್ವೇರಿಯಂ ಮೀನಿನ ಸಂತೆ ಕೂಡುತ್ತದೆ. ಉಬ್ಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನು, ಪೇಪರ್ ಮೇಲೆ ಗಿಡ, ಗೋಣಿಯಲ್ಲಿ ಬೇರು. ಹೋಗುವಾಗ ಸುಲಭ, ಬರುವಾಗ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ಕಡಿತ. ಎರಡಡಿಯ ಕವಲೊಡೆದ ಬೇರನ್ನು ಹಿಡಿದು ಆ ಭಾನುವಾರದ ರಶ್ಶಿನಲ್ಲಿ ನಿಂತ ಕುಂದಾಪುರದ ಹುಡುಗನಿಗೆ ಒಬ್ಬರು ಕಾಕಾ "ಹೇ ಕಾಯ್, ಹೋಳೀಚಂ ಲಾಕೂಡ್?", ಇದೇನು ಹೋಳಿ ಹಬ್ಬದ ಕಟ್ಟಿಗೆಯಾ, ಅಂತ ಕೇಳಿದರು. ಹುಡುಗ "ಹೋ, ಪಾಣ್ಯಾತ್‌ಲೀ ಹೋಳೀ" ಎಂದ, ನೀರಿನೊಳಗಿನ ಹೋಳಿ ಅಂತ. ಆ ಬೇರನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಕೆಟ್ಟಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟೆವು. ಬಿಟ್ಟ ಬಣ್ಣ ಕಡು ಚಹಾದ್ದು. ಮೀನಿಗೆ ಇದರಿಂದ ತೊಂದರೆಯಿಲ್ಲ, ನೋಡುವವರಿಗೆ ಮಾತ್ರ ನೀರು ಕೊಳಕು ಅನ್ನಿಸುತ್ತದೆ.

ಗಿಡಗಳಿಗೆ ಒಂದು ಪೈಸೆ ಖರ್ಚಿಲ್ಲ. ಅಕ್ಕ ಟಿಫಿನ್ ಡಬ್ಬಿಯಲ್ಲಿ ಒದ್ದೆ ಪೇಪರ್ ಸುತ್ತಿ ತಂದರು: ಅನೂಬಿಯಾಸ್ ನಾನಾ, ಜಾವಾ ಫರ್ನ್, ಒಂದು ಹಿಡಿ ಜಾವಾ ಮಾಸ್ (ಹಾವಸೆ), ಕ್ರಿಪ್ಟೋಕೊರೈನ್ ವೆಂಟಿ. ಅನೂಬಿಯಾಸ್ ಪಶ್ಚಿಮ ಆಫ್ರಿಕಾದ್ದು, ಕ್ರಿಪ್ಟೋ ಶ್ರೀಲಂಕಾದ್ದು. ಕ್ರಿಪ್ಟೋ ನೋಡಿದ್ದೇ ಹುಡುಗ "ಅಣ್ಣ, ಇಂಥದ್ದ್ ನಮ್ ಹೊಳಿಯಂಗೂ ಇತ್ತ್ ಮರ್ರೆ" ಎಂದ. ಅವನು ಹೇಳಿದ್ದು ಸರಿ. ಅದೇ ಕುಲದ ಕ್ರಿಪ್ಟೋಕೊರೈನ್ ರೆಟ್ರೋಸ್ಪೈರಾಲಿಸ್ ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕಲ್ಲು ಮರಳಿನ ನಡುವೆ ಬೆಳೆಯುತ್ತದೆ, ಎಲೆ ಕಿರಿದು, ಉದ್ದ. ಮುಂದಿನ ಸಲ ಊರಿಗೆ ಹೋದಾಗ ಕಿತ್ತು ತರುತ್ತೇನೆ ಅಂತ ಹುಡುಗ ಹೊರಟಾಗ ಅಕ್ಕ ಬೇಡ ಎಂದು ತಡೆದರು. ಹೊಳೆಯಿಂದ ಕಿತ್ತದ್ದು ಟ್ಯಾಂಕಿಗೆ ಒಗ್ಗುವುದು ಕಷ್ಟ, ಹೊಳೆಗಂತೂ ನಷ್ಟ.

ತಂದ ಗಿಡಗಳನ್ನು ಮೊದಲು ಪಟಿಕ ಕರಗಿಸಿದ ನೀರಿನಲ್ಲಿ ನೆನೆಹಾಕಿ, ಬಸವನಹುಳದ ಮೊಟ್ಟೆಗಳ ಕಾಟ ಕಳೆದುಕೊಂಡೆವು. ಆಮೇಲೆ ಅಂಟಿಸುವ ಕೆಲಸ. ಅನೂಬಿಯಾಸ್‌ಗೆ ಶುಂಠಿಯ ಕೊಂಬಿನ ಹಾಗೆ ಅಡ್ಡಡ್ಡ ಹರಿಯುವ ಒಂದು ದಪ್ಪ ಕಾಂಡ ಇದೆ, ಮೇಲೆ ಎಲೆ, ಕೆಳಗೆ ಬೇರು. ಆ ಕಾಂಡವನ್ನು ಜಲ್ಲಿಯಲ್ಲಿ ಹೂತರೆ ಕೊಳೆಯುತ್ತದೆ. ಜಾವಾ ಫರ್ನೂ ಹಾಗೆಯೇ. ಮಾಮ ಕನ್ನಡಕ ಹಣೆಗೇರಿಸಿ, ಫೋಟೋ ಕತ್ತರಿಸುವ ಕತ್ತರಿಯಿಂದ ಗಿಡದ ಉದ್ದದ ಬೇರುಗಳನ್ನು ಒಂದಂಗುಲಕ್ಕೆ ಕತ್ತರಿಸಿದರು. ಮರದ ಬೇರಿನ ಕವಲನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಫೆವಿಕ್ವಿಕ್‌ನ ಒಂದು ಹನಿ, ಅದರ ಮೇಲೆ ಗಿಡದ ಕಾಂಡ, ಹೆಬ್ಬೆರಳಿನಿಂದ ಹತ್ತು ಎಣಿಸುವ ತನಕ ಒತ್ತು. ನೀರು ತಾಗಿದ ಕಡೆ ಅಂಟು ಬೆಳ್ಳಗಾಯಿತು. ಅದು ಸಯನೋಅಕ್ರಿಲೇಟ್, ಒದ್ದೆಯಾದೊಡನೆ ಗಟ್ಟಿಯಾಗಿ ನಿರುಪದ್ರವಿಯಾಗುತ್ತದೆ. ಬಿಳಿ ಕಲೆಯನ್ನು ತಿಂಗಳೊಳಗೆ ಪಾಚಿ ಮುಚ್ಚಿಬಿಡುತ್ತದೆ. ಮಾಸ್ ಅನ್ನು ಮಾತ್ರ ಕಪ್ಪು ಹತ್ತಿ ದಾರದಿಂದ ಸುತ್ತಿದೆವು. ದಾರ ಕೊಳೆಯುವ ಹೊತ್ತಿಗೆ ಮಾಸ್ ತಾನೇ ಕಚ್ಚಿಕೊಂಡಿರುತ್ತದೆ. ಕ್ರಿಪ್ಟೋ ಒಂದನ್ನೇ ಜಲ್ಲಿಗೆ ನೆಟ್ಟದ್ದು.

ನೀರು ತುಂಬಿಸಿದ್ದು ಆ ರಾತ್ರಿಯೇ. ಜಲ್ಲಿ ಕದಡದಿರಲಿ ಅಂತ ತಳದಲ್ಲಿ ಊಟದ ತಟ್ಟೆಯಿಟ್ಟು, ಅದರ ಮೇಲೆ ಚೊಂಬಿನಿಂದ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಮಾಮ ತಂದದ್ದು ಹೈಪೋ. ಹಳೇ ಸ್ಟುಡಿಯೋಗಳಲ್ಲಿ ಫಿಲ್ಮ್ ತೊಳೆಯಲು ಇದೇ ಸೋಡಿಯಂ ಥಯೋಸಲ್ಫೇಟ್ ಕಿಲೋಗಟ್ಟಲೆ ಇರುತ್ತಿತ್ತು. ಡಾರ್ಕ್‌ರೂಮ್ ಮುಚ್ಚಿದ ಮೇಲೂ ಮಾಮ ಅದನ್ನು ಕೊಳ್ಳುವುದು ನಿಲ್ಲಿಸಲಿಲ್ಲ. ಅಂಗಡಿಯವರು ಚಿಕ್ಕ ಬಾಟಲಿಯಲ್ಲಿ ನೀಲಿ ಬಣ್ಣ ಬೆರೆಸಿ 'ಆಂಟಿ ಕ್ಲೋರಿನ್' ಅಂತ ಮಾರುವುದರಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ ಹರಳು. ಒಂದು ಬಕೆಟ್ಟಿಗೆ ನಾಲ್ಕಾರು ಹರಳು ಹಾಕಿ ಕಲಕಿದರೆ ಕ್ಲೋರಿನ್ ವಾಸನೆ ಕ್ಷಣದಲ್ಲಿ ಮಾಯ.

ಆಮೇಲೆ ಅಕ್ಕ ತಮ್ಮ ಚೀಲದಿಂದ ಒಂದು ಕಂದು ನೀರಿನ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಅವರ ಹಳೇ ಟ್ಯಾಂಕಿನ ಸ್ಪಂಜ್ ಫಿಲ್ಟರ್. ನಮ್ಮ ಮನೆಯವಳು ಮೂಗು ಮುಚ್ಚಿಕೊಂಡು ನೋಡುತ್ತಿದ್ದ ಹಾಗೆ, ಆ ಸ್ಪಂಜನ್ನು ತಿಳಿ ನೀರಿನೊಳಗೆ ಮುಳುಗಿಸಿ, ಚೆನ್ನಾಗಿ ಹಿಂಡಿದರು. ಇಡೀ ಟ್ಯಾಂಕ್ ರಾಡಿಯಾಯಿತು. "ಇದ ನೋಡ್ರಿ ಬಂಗಾರ" ಎಂದರು. ಮೀನಿನ ಹೇಲು, ಉಳಿದ ಕೂಳು ಕೊಳೆತಾಗ ಅಮೋನಿಯ ಹುಟ್ಟುತ್ತದೆ, ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಗಿಡಕ್ಕೆ ಗೊಬ್ಬರ. ಈ ಎರಡೂ ತಾವಾಗಿ ನೆಲೆಯೂರಲು ಹೊಸ ಟ್ಯಾಂಕಿಗೆ ನಾಲ್ಕಾರು ವಾರ ಬೇಕು. ಹಳೇ ಸ್ಪಂಜ್ ಸಿಕ್ಕರೆ ಬೀಜ ಸಿಕ್ಕಿದಂತೆ, ಕಾಯುವುದು ಬಹಳ ಕಡಿಮೆಯಾಗುತ್ತದೆ. ಗೆಳೆಯರಿರುವವರಿಗೂ ಇಲ್ಲದವರಿಗೂ ಈ ಹವ್ಯಾಸದಲ್ಲಿ ಇರುವ ನಿಜವಾದ ವ್ಯತ್ಯಾಸ ಆ ರಾಡಿ ನೀರು. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಮಾರುತ್ತಾರೆ, ನಾನು ನಂಬುವುದಿಲ್ಲ.

ಬೆಳಿಗ್ಗೆ ಏಳುವಾಗ ರಾಡಿಯೆಲ್ಲ ಸ್ಪಂಜ್ ಸೇರಿ ನೀರು ತಿಳಿಯಾಗಿತ್ತು. ಸ್ಪಂಜ್ ಫಿಲ್ಟರಿಗೆ ಗಾಳಿ ಊದುವ ಏರ್ ಪಂಪಿನ ಗುಳುಗುಳು ಬಿಟ್ಟರೆ ಬೇರೆ ಸದ್ದಿಲ್ಲ. ಈ ಪಂಪ್ ಇಡುವ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟ್ ಹೋದರೆ, ಅದೇ ಸಣ್ಣ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ಸ್ವಿಚ್ ಬೋರ್ಡಿಗೆ ಬರಬಹುದು. ಪಂಪನ್ನು ಮೇಲಿಡಬೇಕು, ಇಲ್ಲವಾದರೆ ಪೈಪಿಗೆ ನೀರು ಹಿಂದೆ ಬಾರದಂತೆ ತಡೆಯುವ ಒಂದು ಅಗ್ಗದ ವಾಲ್ವ್ ಹಾಕಬೇಕು. ನಾವು ಎರಡನ್ನೂ ಮಾಡಿದ್ದೇವೆ.

ಅಲ್ಲಿಂದ ಮುಂದಿನ ತಿಂಗಳು ನನ್ನ ಪಾಲಿಗೆ ಎಲ್ಲಕ್ಕಿಂತ ಕಠಿಣ, ಏಕೆಂದರೆ ಮಾಡಲು ಏನೂ ಇರಲಿಲ್ಲ. ಒಂದು ವಾರದಲ್ಲಿ ಕ್ರಿಪ್ಟೋದ ಎಲೆಗಳು ತೂತುಬಿದ್ದು, ಲೋಳೆಯಾಗಿ, ಒಂದೊಂದೇ ಕರಗಿದವು. ನೀರು ಬದಲಾದರೆ ಆ ಗಿಡ ಹೀಗೇ ಮಾಡುತ್ತದೆ, ಬೇರು ಗಟ್ಟಿಯಿದ್ದರೆ ಹೊಸ ನೀರಿಗೆ ತಕ್ಕ ಹೊಸ ಎಲೆ ಬಿಡುತ್ತದೆ. ಕಿತ್ತು ನೋಡಿದಿರೋ ಮತ್ತೆ ಮೊದಲಿನಿಂದ. ಮರದ ಬೇರಿನ ಮೇಲೆ ಬಿಳಿ ಬೂಷ್ಟು ಬಂತು. ಗಾಜಿನ ಮೇಲೆ, ಅನೂಬಿಯಾಸ್ ಎಲೆ ಮೇಲೆ ಕಂದು ಪುಡಿ ಕೂತಿತು, ಬೆರಳಿನಿಂದ ಒರೆಸಿದರೆ ಹೋಗುವಂಥದ್ದು. ಅದು ಡಯಾಟಮ್, ಹೊಸ ಟ್ಯಾಂಕಿನ ಕಾಯಿಲೆ, ನೀರಿನ ಸಿಲಿಕೇಟ್ ತಿಂದು ಬೆಳೆದು ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಪ್ರತಿಯೊಂದರ ಫೋಟೋ ಅಕ್ಕನಿಗೆ ಕಳಿಸುತ್ತಿದ್ದೆ. ಪ್ರತಿ ಸಲ ಒಂದೇ ಉತ್ತರ: "ಏನೂ ಮಾಡಬ್ಯಾಡ್ರಿ. ಸುಮ್ನ ನೋಡ್ರಿ." ಒಮ್ಮೆ ಅಂಗಡಿಯೊಂದರಲ್ಲಿ ಪಾಚಿ ಕೊಲ್ಲುವ ಔಷಧದ ಬಾಟಲಿ ಕೈಯಲ್ಲಿ ಹಿಡಿದು ಅವರಿಗೆ ಫೋನ್ ಮಾಡಿದೆ. ಹಿಂದೆ ತಿರುಗಿಸಿ ತಾಮ್ರ ಅಂತ ಬರೆದಿದೆಯಾ ನೋಡಲು ಹೇಳಿದರು. ಕಾಪರ್ ಸಲ್ಫೇಟ್ ಅಂತ ಇತ್ತು. ಅದು ಬಿದ್ದ ನೀರಿನಲ್ಲಿ ಸಿಗಡಿ ಉಳಿಯುವುದಿಲ್ಲ ಎಂದರು. ಬಾಟಲಿ ಮತ್ತೆ ಶೆಲ್ಫಿಗೆ ಹೋಯಿತು.

ದಿನಬಿಟ್ಟು ದಿನ ಒಂದು ಚಿಟಿಕೆ ಮೀನಿನ ಕೂಳು ಖಾಲಿ ಟ್ಯಾಂಕಿಗೆ ಹಾಕುತ್ತಿದ್ದೆ, ಬ್ಯಾಕ್ಟೀರಿಯಾಕ್ಕೆ ಉಣಿಸಲು. ಹನಿ ಹಾಕಿ ನೋಡುವ ಅಮೋನಿಯ ಕಿಟ್‌ನಲ್ಲಿ ಮೊದಮೊದಲು ತಿಳಿಹಸಿರು ಕಾಣಿಸಿತು, ಆಮೇಲೆ ಹಳದಿಗಿಳಿದು ಹಳದಿಯಲ್ಲೇ ನಿಂತಿತು. ಹಳದಿ ಅಂದರೆ ಸೊನ್ನೆ. ನೈಟ್ರೈಟೂ ಸೊನ್ನೆ ಬಂದ ಭಾನುವಾರ ಮಾಮ ತಮ್ಮ ಟ್ಯಾಂಕಿನ ಕೆಂಪು ಚೆರ್ರಿ ಸಿಗಡಿಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದರು. ಅವರಿಗೆ ಅದು ಎಟ್ಟಿ. "ಈ ಎಟ್ಟಿಯನ್ನು ಗಸಿ ಮಾಡ್ಲಿಕ್ಕೆ ಒಂದು ಸಾವಿರ ಬೇಕಾದೀತು" ಅಂತ ಅವರೇ ನಕ್ಕರು. ಬಾಟಲಿಯನ್ನು ಟ್ಯಾಂಕಿನ ಪಕ್ಕ ಇಟ್ಟು, ಏರ್ ಪೈಪಿಗೆ ಗಂಟು ಹಾಕಿ, ಟ್ಯಾಂಕಿನ ನೀರು ಬಾಟಲಿಗೆ ಹನಿಹನಿಯಾಗಿ ಬೀಳುವಂತೆ ಮಾಡಿದರು. ಸಿಗಡಿಗೆ ನೀರಿನ ಬದಲಾವಣೆ ನಿಧಾನಕ್ಕೆ ಆಗಬೇಕು. ಚಹಾ ಕುಡಿದು, ಹರಟೆ ಹೊಡೆದು, ಮುಕ್ಕಾಲು ಗಂಟೆ ಕಳೆದ ಮೇಲೆ ಒಳಗೆ ಬಿಟ್ಟೆವು. ನೇರ ಹೋಗಿ ಬಿಳಿ ಬೂಷ್ಟಿನ ಮೇಲೆ ಕೂತವು. ಮುಂಗಾಲುಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಯಿಗೆ ತುಂಬಿಕೊಳ್ಳುವುದನ್ನು ನೋಡುತ್ತ ನಮ್ಮ ಮನೆಯವಳು ರಾತ್ರಿಯ ಅಡಿಗೆ ತಡ ಮಾಡಿದಳು. ಮರುವಾರ ಬೂಷ್ಟೇ ಇರಲಿಲ್ಲ.

ಮೀನು ಯಾವುದು ಅಂತ ಬಹಳ ಚರ್ಚೆಯಾಯಿತು. ಹುಡುಗನಿಗೆ ಡೆನಿಸನ್ ಬಾರ್ಬ್ ಬೇಕಿತ್ತು, ಮಿಸ್ ಕೇರಳ ಅಂತ ಹೆಸರಾದ, ಕೆಂಪು ಪಟ್ಟೆಯ, ನಮ್ಮ ಘಟ್ಟದ ಹೊಳೆಯ ಮೀನು. ಅದು ನಾಲ್ಕೈದು ಇಂಚು ಬೆಳೆಯುವ, ಗುಂಪಿನಲ್ಲಿ ಓಡುವ ಮೀನು. ಎರಡಡಿಯ ತೊಟ್ಟಿ ಅದಕ್ಕೆ ಜೈಲು. ಅಲ್ಲದೆ ಕಾಡಿನಿಂದ ಹಿಡಿದು ಮಾರಿ ಮಾರಿ ಅಳಿವಿನಂಚಿಗೆ ಬಂದಿರುವ ಜಾತಿ. ಕೊನೆಗೆ ಒಪ್ಪಿದ್ದು ಹನಿ (ಜೇನು) ಗೌರಾಮಿ, ಈಶಾನ್ಯ ಭಾರತ ಮತ್ತು ಬಾಂಗ್ಲಾದೇಶದ ನಿಂತ ನೀರಿನ ಮೀನು, ಎರಡು ಇಂಚು. ಮುಂಬೈಯ ಮೇ ತಿಂಗಳ ಲೆಕ್ಕ ಹಾಕಿಯೇ ಅದನ್ನು ಆರಿಸಿದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಮ್ಮಿ. ಗೌರಾಮಿಗೆ ಕಿವಿರಿನ ಮೇಲೆ ಇನ್ನೊಂದು ಉಸಿರಾಟದ ಅಂಗವಿದೆ, ಮೇಲೆ ಬಂದು ಗಾಳಿಯನ್ನೇ ಗುಟುಕರಿಸುತ್ತದೆ. ಹುಟ್ಟುವ ಸಿಗಡಿ ಮರಿಗಳಲ್ಲಿ ಕೆಲವನ್ನು ತಿನ್ನುತ್ತದೆ, ಉಳಿದವು ಮಾಸ್ ಒಳಗೆ ಅಡಗಿ ಬದುಕುತ್ತವೆ. ಮೀನು ಕೊಳ್ಳುವಾಗ ಹುಡುಗ ಅಂಗಡಿಯವರಿಗೆ ಕೂಳು ಹಾಕಿ ತೋರಿಸಲು ಹೇಳಿದ. ತಿನ್ನಲು ಬಾರದ್ದನ್ನು ತೆಗೆದುಕೊಳ್ಳಲಿಲ್ಲ.

ಬೇಸಿಗೆಯಲ್ಲಿ ತೊಂದರೆ ಬಂದದ್ದು ಬಿಸಿಯಿಂದಲ್ಲ, ಟ್ಯಾಂಕರಿನಿಂದ. ಮಳೆಗಾಲದಲ್ಲಿ ನಮ್ಮ ನಲ್ಲಿಗೆ ಬರುವ ನೀರು ಮೃದು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ನೂರರ ಆಚೀಚೆ ತೋರಿಸುತ್ತದೆ. ಏಪ್ರಿಲ್ ಕೊನೆಗೆ ನೀರು ಕಡಿತವಾಗಿ ಸೊಸೈಟಿಗೆ ಬೋರ್‌ವೆಲ್ ಟ್ಯಾಂಕರ್ ಬರತೊಡಗಿತು, ಮೀಟರ್ ಆರುನೂರು ದಾಟಿತು. ಬಿಸಿಲಿಗೆ ಟ್ಯಾಂಕಿನ ನೀರೂ ದಿನಕ್ಕೆ ಲೋಟದ ಲೆಕ್ಕದಲ್ಲಿ ಆರುತ್ತಿತ್ತು. ಆರುವುದು ಬರೀ ನೀರು, ಅದರ ಲವಣವೆಲ್ಲ ಒಳಗೇ ಉಳಿಯುತ್ತದೆ. ಅದರ ಮೇಲೆ ಗಡುಸು ನೀರು ಸುರಿಯುತ್ತ ಹೋದರೆ ತಿಂಗಳಲ್ಲಿ ಎಲ್ಲಿಗೆ ಮುಟ್ಟೀತು? ಇನ್ನೊಂದು ಅಪಾಯವೂ ಉಂಟು: ನೀರು ಕ್ಷಾರವಾದಷ್ಟೂ, ಬಿಸಿಯಾದಷ್ಟೂ ಇದ್ದ ಅಮೋನಿಯದಲ್ಲಿ ವಿಷದ ಪಾಲು ಹೆಚ್ಚಾಗುತ್ತದೆ. ಪಕ್ಕದ ಮನೆಯವರು ಒಳ್ಳೆ ಮನಸ್ಸಿನಿಂದ ತಮ್ಮ ಎಸಿಯಿಂದ ಸೋರುವ ನೀರು ಹಿಡಿದುಕೊಳ್ಳಲು ಹೇಳಿದರು, ಶುದ್ಧ ನೀರೇ ಅಲ್ಲವೇ ಅಂತ. ಎಸಿಯ ಒಳಗಿನ ಕೊಳವೆ ತಾಮ್ರದ್ದು, ಸಿಗಡಿಗೆ ಮತ್ತದೇ ಭಯ. ಅಡಿಗೆಮನೆಯ ಆರ್‌ಒ ನೀರನ್ನು ಆರಿದಷ್ಟು ತುಂಬಲು ಬಳಸಿದೆವು. ಆರಿಹೋದ ನೀರಿನ ಜಾಗಕ್ಕೆ ಲವಣವಿಲ್ಲದ ನೀರೇ ಸರಿಯಾದ ಭರ್ತಿ. ನೀರು ಬದಲಾಯಿಸುವುದನ್ನೇ ಟ್ಯಾಂಕರ್ ನಿಲ್ಲುವ ತನಕ ಮುಂದೂಡಿ, ಕೂಳು ಅರ್ಧಕ್ಕಿಳಿಸಿದೆ. ಗಿಡ ತುಂಬಿದ ಟ್ಯಾಂಕ್ ಆ ಉಪವಾಸವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಮಳೆ ಹಿಡಿದ ಮೇಲೆ ಪಾಲಿಕೆಯ ಆರೋಗ್ಯ ಸಿಬ್ಬಂದಿ ಟಾರ್ಚ್ ಹಿಡಿದು ಮನೆಮನೆಗೆ ಡೆಂಗಿ ಸೊಳ್ಳೆ ಮರಿ ಹುಡುಕಿ ಬರುತ್ತಾರೆ. ಟ್ಯಾಂಕ್ ನೋಡಿ ನನಗೆ ಬೈಗುಳ ಕಾದಿದೆ ಅಂದುಕೊಂಡೆ. ಅವರು ಒಳಗೊಮ್ಮೆ ಬೆಳಕು ಬಿಟ್ಟು "ಮಾಸೆ ಆಹೇತ್ ನಾ, ಮಗ್ ಠೀಕ್", ಮೀನಿವೆಯಲ್ಲ, ಹಾಗಾದರೆ ಸರಿ, ಎಂದು ಮುಂದೆ ಹೋದರು. ಅವರು ನಿಂತದ್ದು ಬಾಲ್ಕನಿಯಲ್ಲಿ, ನೀರು ಬದಲಾಯಿಸಲು ಹಿಡಿದಿಟ್ಟ ಬಕೆಟ್ಟಿನ ಮುಂದೆ. ಮುಚ್ಚಿದ ಪ್ಲಾಸ್ಟಿಕ್ ಹಾಳೆಯನ್ನು ಎತ್ತಿ ನೋಡಿ, ಮತ್ತೆ ಬಿಗಿಯಾಗಿ ಮುಚ್ಚಿ ಹೋದರು. ಕೀಟ ತಿನ್ನುವ ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಮರಿ ಬದುಕುವುದಿಲ್ಲ, ತೆರೆದ ಬಕೆಟ್ಟಿನಲ್ಲಿ ಒಂದು ವಾರ ಸಾಕು.

ಈಗ ಭಾನುವಾರದ ಕೆಲಸ ಹೀಗೆ. ಎರಡು ವಾರಕ್ಕೊಮ್ಮೆ ಒಂದು ಬಕೆಟ್ ನೀರು ಪೈಪಿನಲ್ಲಿ ಹೀರಿ ತೆಗೆದು ಗಿಡದ ಕುಂಡಗಳಿಗೆ. ಬದಲಿಗೆ ಹೈಪೋ ಹಾಕಿದ ಒಂದು ಬಕೆಟ್. ಮುಂದಿನ ಗಾಜನ್ನಷ್ಟೇ ಹಳೇ ಎಟಿಎಂ ಕಾರ್ಡಿನಿಂದ ಕೆರೆಯುತ್ತೇನೆ. ಹಿಂದಿನದರ ಮೇಲಿನ ಪಾಚಿ ಸಿಗಡಿಗಳ ಮೇವು. ಸ್ಪಂಜನ್ನು ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡುವುದು, ನಲ್ಲಿ ಕೆಳಗೆ ಹಿಡಿದರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಗೊಬ್ಬರ ಅಂತ ಬೇರೆ ಹಾಕುವುದು ಕಡಿಮೆ, ಹೊಸ ಎಲೆ ಬಿಳಿಚಿಕೊಂಡರೆ ನಾಲ್ಕು ಹನಿ. ಅನೂಬಿಯಾಸ್ ತಿಂಗಳಿಗೆ ಒಂದೋ ಎರಡೋ ಎಲೆ ಬಿಡುತ್ತದೆ. ಆ ವೇಗಕ್ಕೆ ಒಗ್ಗದವರು ಈ ಬಗೆಯ ಟ್ಯಾಂಕ್ ಇಡಬಾರದು, ಅವರಿಗೆ ಸಿಲಿಂಡರಿನವರೇ ಸರಿ.

ಮಾಸ್ ಮಾತ್ರ ಯಾರ ಮಾತೂ ಕೇಳುವುದಿಲ್ಲ, ಕತ್ತರಿಸಿದಷ್ಟೂ ಬರುತ್ತದೆ. ಕತ್ತರಿಸಿದ್ದನ್ನು ಕೊಡಲು ಜನ ಸಿಗದಿದ್ದರೆ ಬಿಸಿಲಿಗೆ ಒಣಗಿಸಿ ಕುಂಡಕ್ಕೆ ಹಾಕುತ್ತೇವೆ, ಮೋರಿಗೆ ಬಿಡುವುದಿಲ್ಲ. ಉಲ್ಹಾಸ್ ನದಿಯನ್ನು ಮುಚ್ಚಿಕೊಂಡಿರುವ ಅಂತರಗಂಗೆಯನ್ನು (ವಾಟರ್ ಹಯಸಿಂತ್) ಕಲ್ಯಾಣದ ಕಡೆ ಹೋದವರೆಲ್ಲ ನೋಡಿದ್ದಾರೆ, ಅದೂ ದಕ್ಷಿಣ ಅಮೆರಿಕದಿಂದ ಚಂದಕ್ಕೆಂದು ತಂದ ಗಿಡವೇ. ಮೊನ್ನೆ ನಮ್ಮ ಮೇಲಿನ ಮಹಡಿಯವರು ಪುಣೆಗೆ ಮನೆ ಬದಲಾಯಿಸುವಾಗ ತಮ್ಮ ಸಕ್ಕರ್ ಮೀನನ್ನು ಖಿಡ್ಕಾಳಿ ದೇವಸ್ಥಾನದ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತೇವೆ ಎಂದರು. ತಂದಾಗ ಬೆರಳುದ್ದ ಇದ್ದದ್ದು ಈಗ ಮೊಳದ ಹತ್ತಿರ ಬೆಳೆದಿತ್ತು. ಅದೂ ದಕ್ಷಿಣ ಅಮೆರಿಕದ್ದೇ, ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಈಗ ಬೇರೂರಿ ಊರ ಮೀನಿನ ಮೇವು ಮೊಟ್ಟೆ ಎರಡಕ್ಕೂ ಸಂಚಕಾರ ತಂದಿದೆ. ಅಕ್ಕ ಯಾರ‍್ಯಾರಿಗೋ ಫೋನ್ ಮಾಡಿ, ಭಾಂಡುಪ್‌ನಲ್ಲಿ ಆರಡಿಯ ಟ್ಯಾಂಕ್ ಇಟ್ಟವರೊಬ್ಬರನ್ನು ಹಿಡಿದರು. ಬರುವ ಭಾನುವಾರ ಮುಚ್ಚಳವಿರುವ ಬಕೆಟ್ಟಿನಲ್ಲಿ ಅದನ್ನು ಲೋಕಲ್‌ನಲ್ಲಿ ಒಯ್ಯಬೇಕು. ಆ ದಿನವೂ ಮೆಗಾಬ್ಲಾಕ್ ಇದೆಯಂತೆ, ಹುಡುಗ ಈಗಾಗಲೇ ಗೊಣಗುತ್ತಿದ್ದಾನೆ.